ಕಿಟಕಿ ಬದಲಿಸಬೇಕಾ, ಅಟ್ಟದ ಸಂದು ಮುಚ್ಚಬೇಕಾ? ಬ್ಲೋವರ್ ಡೋರ್ ಟೆಸ್ಟ್ ರಿಪೋರ್ಟ್ ಬಂದಿದೆ

ಹೇಮಾವತಿ_ತೀರ, ಮಿಶಿಗನ್

ಎಲ್ಲರಿಗೂ ನಮಸ್ಕಾರ. ನಾವಿರುವುದು ಡೆಟ್ರಾಯಿಟ್ ಹತ್ತಿರ. 1978ರಲ್ಲಿ ಕಟ್ಟಿದ ಎರಡಂತಸ್ತಿನ ಮನೆ, ಕೆಳಗೆ ಬೇಸ್‌ಮೆಂಟ್. ಮೂರು ಬೆಡ್‌ರೂಮ್, 2000 ಚದರ ಅಡಿ. ಚಳಿಗಾಲದಲ್ಲಿ ಮನೆ ಬಿಸಿ ಮಾಡುವ ಫರ್ನೆಸ್ ನಿಲ್ಲುವುದೇ ಇಲ್ಲ. ಥರ್ಮೋಸ್ಟಾಟ್ 70 ಫ್ಯಾರನ್‌ಹೀಟ್ ತೋರಿಸುತ್ತದೆ, ಸೋಫಾ ಮೇಲೆ ಕೂತವರ ಕಾಲು ಮಾತ್ರ ತಣ್ಣಗಿರುತ್ತದೆ. ಮೇಲಿನ ರೂಮುಗಳಲ್ಲಿ ಗೋಡೆ ಪಕ್ಕ ಮಲಗಲು ಆಗುವುದಿಲ್ಲ.

ಕಿಟಕಿ ಕಂಪನಿಯವರೊಬ್ಬರು ಬಂದು ನೋಡಿ, "ಎಲ್ಲಾ ಕಿಟಕಿ ಬದಲಿಸಿ, ಬಿಲ್ ಅರ್ಧ ಆಗುತ್ತದೆ" ಅಂದರು. ಅವರು ಹೇಳಿದ ರೇಟು ಕೇಳಿ ನಮ್ಮ ಮನೆಯವರು ಬೇಡವೇ ಬೇಡ ಅಂದುಬಿಟ್ಟರು. ಆಮೇಲೆ ಕನ್ನಡ ಕೂಟದಲ್ಲಿ ಸಿಕ್ಕ ಗೆಳೆಯರೊಬ್ಬರು, ಮೊದಲು ಮನೆಯ ಗಾಳಿ ಸೋರಿಕೆ ಅಳೆಯುವ ಬ್ಲೋವರ್ ಡೋರ್ ಟೆಸ್ಟ್ ಮಾಡಿಸಿ ಅಂದರು. ಮುಂಬಾಗಿಲಿಗೆ ಬಟ್ಟೆಯ ಚೌಕಟ್ಟು ಬಿಗಿದು, ಅದರಲ್ಲಿ ದೊಡ್ಡ ಫ್ಯಾನ್ ಇಟ್ಟು, ಮನೆಯ ಗಾಳಿಯನ್ನು ಹೊರಗೆ ಎಳೆದರು. ರಿಪೋರ್ಟಿನಲ್ಲಿ 50 ಪಾಸ್ಕಲ್‌ಗೆ 2800 ಸಿಎಫ್‌ಎಂ, 10.5 ಎಸಿಎಚ್ ಅಂತ ಬರೆದಿದ್ದಾರೆ. ಕೆಳಗೆ "ಸೋರಿಕೆ ಜಾಸ್ತಿ" ಅಂತ ಒಂದು ಸಾಲು. ಅಷ್ಟೇ.

ನನ್ನ ಪ್ರಶ್ನೆಗಳು ಇವು. ಈ 10.5 ಅಂದರೆ ಎಷ್ಟು ಕೆಟ್ಟದ್ದು? ಮೊದಲು ದುಡ್ಡು ಎಲ್ಲಿ ಹಾಕಬೇಕು? ಎಲ್ಲಾ ಮುಚ್ಚಿಬಿಟ್ಟರೆ ಉಸಿರುಗಟ್ಟುತ್ತದಾ? ಊರಿಂದ ಬಂದಿರುವ ಅಮ್ಮನಿಗೆ ಈಗಲೇ ಆ ಭಯ ಇದೆ.

ಶರಾವತಿ_ಹಿನ್ನೀರು, ಮಿನೆಸೋಟ

ಇದೇ ನನ್ನ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಫ್ಯಾನ್ ಮನೆಯೊಳಗಿನ ಒತ್ತಡವನ್ನು ಹೊರಗಿನದಕ್ಕಿಂತ 50 ಪಾಸ್ಕಲ್ ಕಡಿಮೆ ಮಾಡುತ್ತದೆ. ಎಲ್ಲಾ ಕಡೆಯಿಂದ ಒಟ್ಟಿಗೆ ಗಂಟೆಗೆ ಸುಮಾರು 32 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಹೇಗಿರುತ್ತದೋ ಹಾಗೆ. ಆ ಒತ್ತಡ ಹಾಗೇ ನಿಲ್ಲಬೇಕಾದರೆ ಫ್ಯಾನ್ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ತಳ್ಳಬೇಕು ಅನ್ನುವುದೇ ನಿಮ್ಮ 2800 ಸಿಎಫ್‌ಎಂ. ಅದನ್ನು 60ರಿಂದ ಗುಣಿಸಿ ಮನೆಯ ಗಾತ್ರದಿಂದ ಭಾಗಿಸಿದರೆ, ಗಂಟೆಗೆ ಮನೆಯ ಗಾಳಿ ಎಷ್ಟು ಸಲ ಪೂರ್ತಿ ಬದಲಾಗುತ್ತದೆ ಅನ್ನುವುದು ಸಿಗುತ್ತದೆ. ಅದು ನಿಮ್ಮ 10.5 ಎಸಿಎಚ್.

ಹೋಲಿಕೆಗೆ ಹೇಳುವುದಾದರೆ, ಅಮೆರಿಕದಲ್ಲಿ ಕಟ್ಟಡಗಳ ಇಂಧನ ಉಳಿತಾಯಕ್ಕೆ ಇರುವ ಐಇಸಿಸಿ ಕೋಡ್ 2012ರಲ್ಲಿ ಚಳಿ ಪ್ರದೇಶದ ಹೊಸ ಮನೆಗೆ 3 ಅಂದಿತು, ಬಿಸಿ ಪ್ರದೇಶಕ್ಕೆ 5. ಹಳೆಯ ಮನೆಗಳಲ್ಲಿ 10 ಬರುವುದು ಸಾಮಾನ್ಯ. ಗಾಬರಿ ಬೇಡ. ಆದರೆ ಖಂಡಿತ ಸುಧಾರಿಸಬಹುದು.

ಟೆಸ್ಟ್ ಮಾಡಿದವರು ಫ್ಯಾನ್ ಓಡುತ್ತಿರುವಾಗ ಥರ್ಮಲ್ ಕ್ಯಾಮೆರಾ ಹಿಡಿದು ಮನೆಯೆಲ್ಲಾ ಸುತ್ತಿದರಾ? ನಂಬರ್ ಎಷ್ಟು ಸೋರುತ್ತದೆ ಅನ್ನುವುದನ್ನು ಮಾತ್ರ ಹೇಳುತ್ತದೆ. ಎಲ್ಲಿ ಸೋರುತ್ತದೆ ಅಂತ ಹುಡುಕುವುದೇ ಈ ಟೆಸ್ಟಿನ ನಿಜವಾದ ಪ್ರಯೋಜನ.

ಹೇಮಾವತಿ_ತೀರ

ಇಲ್ಲ ಸರ್. ಬಂದರು, ಫ್ಯಾನ್ ಹಾಕಿದರು, ಬರೆದುಕೊಂಡರು, ಹೋದರು.

ಎಡಿಸನ್_ಎಲೆಅಡಿಕೆ, ನ್ಯೂಜೆರ್ಸಿ

ಹಾಗಾದರೆ ಅರ್ಧ ಕೆಲಸಕ್ಕೆ ಪೂರ್ತಿ ದುಡ್ಡು ಕೊಟ್ಟಿದ್ದೀರಿ. ಮತ್ತೆ ಕರೆಸಿ. ಫ್ಯಾನ್ ಓಡಿಸಿ, ಸಣ್ಣಗೆ ಹೊಗೆ ಬಿಡುವ ಹೊಗೆ ಪೆನ್ಸಿಲ್ ಹಿಡಿದು ಒಂದೊಂದು ಸಂದೂ ತೋರಿಸಿ ಅಂತ ಕೇಳಿ.

ಅಗ್ರಹಾರದ_ಹುಡುಗ, ಮೈಸೂರು

ಅಲ್ಲ ಸ್ವಾಮಿ, ಮನೆ ಉಸಿರಾಡಬೇಕು ಅಲ್ವಾ? ನಮ್ಮಜ್ಜನ ತೊಟ್ಟಿಮನೆಯಲ್ಲಿ ನಡುವೆ ಆಕಾಶ ಕಾಣುತ್ತಿತ್ತು. ಮಾಡಿನಲ್ಲಿ ಬೆಳಕಿಂಡಿ, ಅಡುಗೆ ಮನೆಯಲ್ಲಿ ಹೊಗೆ ಹೋಗಲು ದಾರಿ. ಯಾರಿಗೂ ಅಲರ್ಜಿ ಇರಲಿಲ್ಲ. ಈಗ ಮನೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತುವುದನ್ನು ಸುಧಾರಣೆ ಅಂತ ಹೇಗೆ ಒಪ್ಪುವುದು?

ಶರಾವತಿ_ಹಿನ್ನೀರು

ಮೈಸೂರಿನಲ್ಲಿ ನೀವು ಹೇಳಿದ್ದು ಸರಿ. ಮಿಶಿಗನ್‌ನಲ್ಲಿ ಹೊರಗೆ ಮೈನಸ್ 10 ಸೆಲ್ಸಿಯಸ್, ಒಳಗೆ 21. ತೊಟ್ಟಿಮನೆಯ ಗಾಳಿಗೆ ಅಂಗಳದ ದಾರಿ ಇತ್ತು, ಅದನ್ನು ಯೋಚಿಸಿ ಕಟ್ಟಿದ್ದರು. ಇವರ ಮನೆಗೆ ಗಾಳಿ ಬರುತ್ತಿರುವುದು ಬೇಸ್‌ಮೆಂಟಿನ ಧೂಳು, ಗ್ಯಾರೇಜಿನ ಪೆಟ್ರೋಲ್ ವಾಸನೆ, ಅಟ್ಟದ ಇಲಿ ಹಿಕ್ಕೆ ಎಲ್ಲವನ್ನೂ ದಾಟಿಕೊಂಡು. ಅದನ್ನು ತಾಜಾ ಗಾಳಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಮನೆಯನ್ನು ಬಿಗಿ ಮಾಡಿ. ಆಮೇಲೆ ಬೇಕಾದಷ್ಟು ಗಾಳಿಯನ್ನು ಬೇಕಾದ ಕಡೆಯಿಂದ ತನ್ನಿ. ಎರಡೂ ಒಟ್ಟಿಗೇ ಆಗಬೇಕು.

ಇಸಾರ್_ದಂಡೆ, ಮ್ಯೂನಿಕ್

ಇಲ್ಲಿ ಹೊಸ ಮನೆಗೆ ಈ ಟೆಸ್ಟ್ ಬಲು ಮಾಮೂಲು. ಕಿಟಕಿ ತೆರೆದು ಗಾಳಿ ಆಡಿಸುವ ಮನೆಗೆ 3.0, ಯಂತ್ರದಿಂದ ಗಾಳಿ ಕೊಡುವ ಮನೆಗೆ 1.5 ಮಿತಿ. ಬಿಸಿಗೆ ಅತಿ ಕಡಿಮೆ ಇಂಧನ ಸಾಕಾಗುವ ಪಾಸಿವ್‌ಹೌಸ್ ಆದರೆ 0.6. ಡಾರ್ಮ್‌ಸ್ಟಾಟ್‌ನ ಕ್ರಾನಿಕ್‌ಸ್ಟೈನ್‌ನಲ್ಲಿ 1991ರಲ್ಲಿ ಜನ ವಾಸಕ್ಕೆ ಬಂದ ಸಾಲು ಮನೆಗಳಿಂದ ಅದು ಶುರುವಾಯಿತು. ಅಂಥ ಮನೆಗೆ ಬಿಸಿ ಮಾಡಲು ವರ್ಷಕ್ಕೆ ಚದರ ಮೀಟರಿಗೆ 15 ಯೂನಿಟ್ ಮಾತ್ರ ಸಾಕು ಅನ್ನುವುದು ಗುರಿ.

ಉಸಿರುಗಟ್ಟುವ ಮಾತಿಗೆ ಬಂದರೆ, ಜರ್ಮನರು ಕೊರೆಯುವ ಚಳಿಯಲ್ಲೂ ದಿನಕ್ಕೆ ಕೆಲವು ಸಲ ಎಲ್ಲಾ ಕಿಟಕಿ ಪೂರ್ತಿ ತೆರೆದು ಐದು ನಿಮಿಷ ಬಿಟ್ಟು ಮುಚ್ಚುತ್ತಾರೆ. ಬಾಡಿಗೆ ಕರಾರಿನಲ್ಲೇ ಬರೆದಿರುವುದುಂಟು. ಗೋಡೆ ಬೆಚ್ಚಗೇ ಇರುತ್ತದೆ, ಗಾಳಿ ಮಾತ್ರ ಬದಲಾಗುತ್ತದೆ. ಬಂದ ಹೊಸದರಲ್ಲಿ ನನಗೆ ವಿಚಿತ್ರ ಅನಿಸುತ್ತಿತ್ತು. ಈಗ ಅದಿಲ್ಲದೆ ಆಗುವುದಿಲ್ಲ.

ಲೆಸ್ಟರ್_ಕನ್ನಡತಿ, ಇಂಗ್ಲೆಂಡ್

ಇಲ್ಲಿ ಹೊಸ ಮನೆಗೂ ಕಾನೂನಿನ ಮಿತಿ 8 ಇದೆ. ನಿಮ್ಮದು 10.5. ಅಂಥಾ ದೊಡ್ಡ ವ್ಯತ್ಯಾಸ ಏನಿದೆ?

ಇಸಾರ್_ದಂಡೆ

ಮೇಡಂ, ಆ 8 ಬೇರೆ ಲೆಕ್ಕ. ಇಂಗ್ಲೆಂಡಿನಲ್ಲಿ ಸೋರಿದ ಗಾಳಿಯನ್ನು ಗೋಡೆ, ನೆಲ, ಮಾಡು ಸೇರಿದ ಹೊರಮೈ ಅಳತೆಯಿಂದ ಭಾಗಿಸುತ್ತಾರೆ. ಅಮೆರಿಕದಲ್ಲಿ, ಜರ್ಮನಿಯಲ್ಲಿ ಮನೆಯ ಒಳಗಾತ್ರದಿಂದ ಭಾಗಿಸುತ್ತಾರೆ. ಎರಡೂ 50 ಪಾಸ್ಕಲ್‌ನಲ್ಲೇ ಅಳೆದದ್ದು, ಆದರೂ ನೇರ ಹೋಲಿಸಲು ಬರುವುದಿಲ್ಲ.

ಲೆಸ್ಟರ್_ಕನ್ನಡತಿ

ಸರಿ, ಗೊತ್ತಾಯಿತು. ಹಳೇ ಇಟ್ಟಿಗೆ ಮನೆಯವರಿಗೆ ಒಂದು ಮಾತು. ಇಲ್ಲಿನ ವಿಕ್ಟೋರಿಯನ್ ಸಾಲು ಮನೆಗಳಲ್ಲಿ ಮರದ ನೆಲದ ಕೆಳಗೆ ಗಾಳಿ ಆಡಲು ಹೊರಗೋಡೆಯ ಬುಡದಲ್ಲಿ ತೂತಿನ ಇಟ್ಟಿಗೆ ಇಟ್ಟಿರುತ್ತಾರೆ. ಚಳಿ ಬರುತ್ತದೆ ಅಂತ ಜನ ಅದನ್ನೇ ಮುಚ್ಚಿಬಿಡುತ್ತಾರೆ. ಆಮೇಲೆ ತೊಲೆ ಕೊಳೆಯುತ್ತದೆ. ಮುಚ್ಚಬೇಕಾದದ್ದು ನೆಲದ ಹಲಗೆಯ ಸಂದು. ಆ ಇಟ್ಟಿಗೆಯನ್ನು ಮುಟ್ಟಬಾರದು.

ಬೂಸಲನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ರಾಚ್‌ಡೇಲ್‌ನಲ್ಲಿ 2020ರಲ್ಲಿ ಅವಾಬ್ ಇಶಾಕ್ ಅನ್ನುವ ಎರಡು ವರ್ಷದ ಮಗು ಮನೆಯ ಬೂಸಲಿನಿಂದ ಉಸಿರಾಟದ ತೊಂದರೆಯಾಗಿ ತೀರಿಕೊಂಡಿತು. ಆ ಮಗುವಿನ ಹೆಸರಿನಲ್ಲೇ ಈಗ ಕಾನೂನು ಬಂದಿದೆ. ಸಂದು ಮುಚ್ಚಿ, ತೇವ ಹೊರಗೆ ಹೋಗಲು ದಾರಿ ಮಾಡದಿದ್ದರೆ ಅದು ಪೂರ್ತಿ ಕೆಲಸ ಅಲ್ಲ.

ಅಗ್ರಹಾರದ_ಹುಡುಗ

ನೋಡಿ, ನಾನು ಹೇಳಿದ್ದೂ ಅದನ್ನೇ.

ಶರಾವತಿ_ಹಿನ್ನೀರು

ನೀವು ಹೇಳಿದ್ದು ಸಂದು ಬಿಡಿ ಅಂತ. ಅವರು ಹೇಳುತ್ತಿರುವುದು ದಾರಿ ಮಾಡಿ ಅಂತ. ಸಂದಿನ ಗಾಳಿ ನಮ್ಮ ಮಾತು ಕೇಳುವುದಿಲ್ಲ. ಚಳಿ ಜೋರಾದ ದಿನ ಬೇಕಾದ್ದಕ್ಕಿಂತ ಜಾಸ್ತಿ ನುಗ್ಗುತ್ತದೆ, ಗಾಳಿ ಬೀಸದ ಹದವಾದ ದಿನ ಬರುವುದೇ ಇಲ್ಲ. 

ಬಯಲುಸೀಮೆ_ಮಗ, ಸಸ್ಕ್ಯಾಚೆವನ್, ಕೆನಡಾ

ಪಾಸಿವ್‌ಹೌಸ್ ಜರ್ಮನಿಯದು ಅಂದವರಿಗೆ ಒಂದು ಸೇರ್ಪಡೆ. ನಮ್ಮ ರೆಜೈನಾದಲ್ಲಿ 1977ರಲ್ಲೇ ಸಸ್ಕ್ಯಾಚೆವನ್ ಕನ್ಸರ್ವೇಷನ್ ಹೌಸ್ ಕಟ್ಟಿದ್ದರು. ಗೋಡೆಗೆ ಆರ್-40, ಅಟ್ಟಕ್ಕೆ ಆರ್-60 ಇನ್ಸುಲೇಷನ್, ಅಂದರೆ ಶಾಖ ತಡೆಯುವ ಹೊದಿಕೆ (ಆರ್ ಸಂಖ್ಯೆ ಜಾಸ್ತಿಯಾದಷ್ಟೂ ಚೆನ್ನಾಗಿ ತಡೆಯುತ್ತದೆ), ಫರ್ನೆಸ್ ಇಲ್ಲ. ಹೊರಗೆ ಹೋಗುವ ಗಾಳಿಯ ಬಿಸಿಯನ್ನು ಒಳಗೆ ಬರುವ ಗಾಳಿಗೆ ಕೊಡುವ ಪೆಟ್ಟಿಗೆ ಆಗಲೇ ಅದರಲ್ಲಿತ್ತು. ಅದರ ಹಿಂದೆ ಇದ್ದ ಹೆರಾಲ್ಡ್ ಓರ್ ಅನ್ನುವ ಎಂಜಿನಿಯರು ಮನೆಯ ಸೋರಿಕೆಯನ್ನು ಫ್ಯಾನ್ ಇಟ್ಟು ಅಳೆಯುವ ಕೆಲಸದಲ್ಲೂ ಮೊದಲಿಗರು. 1982ರಲ್ಲಿ ಕೆನಡಾ ಶುರು ಮಾಡಿದ ಆರ್-2000 ಅನ್ನುವ ಇಂಧನ ಉಳಿತಾಯದ ಮನೆಗಳಿಗೆ ಮಿತಿ 1.5. ಮೈನಸ್ 35ರ ಊರಿನಲ್ಲಿ ಇದು ಶೋಕಿ ಅಲ್ಲ.

ಎಡಿಸನ್_ಎಲೆಅಡಿಕೆ

ಇತಿಹಾಸ ಬಂತಲ್ಲ, ನಮ್ಮ ನ್ಯೂಜೆರ್ಸಿಯದ್ದನ್ನೂ ಸೇರಿಸುತ್ತೇನೆ. ಫ್ಯಾನ್ ಇಟ್ಟು ಸೋರಿಕೆ ಅಳೆಯುವುದು ಸ್ವೀಡನ್‌ನಲ್ಲಿ ಕಿಟಕಿಗೆ ಫ್ಯಾನ್ ಕಟ್ಟಿ ಶುರುವಾಗಿತ್ತು. 1979ರಲ್ಲಿ ಅದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ ಬಂತು, ಕಿಟಕಿ ಬಿಟ್ಟು ಬಾಗಿಲಿಗೆ ಬಂತು. ಟ್ವಿನ್ ರಿವರ್ಸ್ ಅನ್ನುವ ಬಡಾವಣೆಯ ಮನೆಗಳನ್ನು ಅಲ್ಲಿನ ತಂಡ ಅಳೆದು ನೋಡಿತು. ಗೌತಮ್ ದತ್ ಆ ತಂಡದಲ್ಲಿದ್ದವರು. ಅವರಿಗೆ ಕಂಡದ್ದು ಏನೆಂದರೆ, ಬಿಸಿ ಹೋಗುತ್ತಿದ್ದುದು ಜನ ಅಂದುಕೊಂಡ ಬಾಗಿಲು ಕಿಟಕಿಯಿಂದ ಮಾತ್ರ ಅಲ್ಲ. ಗೋಡೆಯೊಳಗಿನ ಟೊಳ್ಳು, ಪೈಪು ಹೋಗುವ ಸಂದು, ಚಿಮಣಿಯ ಸುತ್ತಲಿನ ಜಾಗ, ಇವುಗಳಿಂದ ಬೆಚ್ಚನೆ ಗಾಳಿ ನೇರ ಅಟ್ಟಕ್ಕೆ ಏರುತ್ತಿತ್ತು. ಇನ್ಸುಲೇಷನ್ ಇದ್ದರೂ ಅದನ್ನು ಬಳಸಿಕೊಂಡು ಹೋಗುತ್ತಿತ್ತು.

ಹೇಮಾವತಿ ಅವರೇ, ನಿಮ್ಮ ಮೂಲ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಕಿಟಕಿ ಆಮೇಲೆ.

ಹೇಮಾವತಿ_ತೀರ

ಆದರೆ ಕಿಟಕಿ ಪಕ್ಕ ನಿಂತರೆ ಚಳಿ ಬೀಸುವುದು ಗೊತ್ತಾಗುತ್ತದಲ್ಲ?

ಶರಾವತಿ_ಹಿನ್ನೀರು

ಅದು ಎಷ್ಟೋ ಸಲ ಹೊರಗಿನ ಗಾಳಿ ಅಲ್ಲ. ಗಾಜು ತಣ್ಣಗಿರುತ್ತದೆ, ಅದಕ್ಕೆ ತಾಗಿದ ಒಳಗಿನ ಗಾಳಿ ತಣ್ಣಗಾಗಿ ಕೆಳಗೆ ಇಳಿಯುತ್ತದೆ. ಕಿಟಕಿಯೇ ಸೋರುತ್ತಿದ್ದರೆ ಅಂಚಿನ ವೆದರ್ ಸ್ಟ್ರಿಪ್ ಪಟ್ಟಿ ಬದಲಿಸಿ, ಚೌಕಟ್ಟಿನ ಸುತ್ತ ಸಂದು ತುಂಬುವ ಕಾಕ್ ಹಾಕಿದರೆ ಬಹಳಷ್ಟು ನಿಲ್ಲುತ್ತದೆ.

ದೊಡ್ಡ ಸೋರಿಕೆ ಮನೆಯ ತಲೆಯಲ್ಲಿ ಮತ್ತು ಬುಡದಲ್ಲಿ. ಚಳಿಗಾಲದಲ್ಲಿ ಬಿಸಿ ಗಾಳಿ ಮೇಲೇರಿ ಅಟ್ಟದ ಸಂದುಗಳಿಂದ ಹೊರಗೆ ಹೋಗುತ್ತದೆ. ಹೋದಷ್ಟೇ ತಣ್ಣನೆ ಗಾಳಿ ಬೇಸ್‌ಮೆಂಟಿನಿಂದ ಒಳಗೆ ಬರುತ್ತದೆ. ನಿಮ್ಮ ಕಾಲು ತಣ್ಣಗಾಗುವುದು ಇದಕ್ಕೇ. ಅಟ್ಟಕ್ಕೆ ಹೋಗಿ ಇನ್ಸುಲೇಷನ್ ಎತ್ತಿ ನೋಡಿ. ಕಪ್ಪಗೆ, ಕೊಳೆಯಾಗಿರುವ ಜಾಗ ಕಂಡರೆ ಗಾಳಿ ವರ್ಷಗಟ್ಟಲೆ ಅಲ್ಲಿ ಹಾದಿದೆ, ನಾರು ಅದರ ಧೂಳನ್ನು ಸೋಸಿ ಹಿಡಿದಿದೆ ಅಂತ ಅರ್ಥ.

ನೋಡಬೇಕಾದ ಜಾಗಗಳೆಂದರೆ ಅಟ್ಟದ ಮುಚ್ಚಳ, ಒಳಗೋಡೆಗಳ ತಲೆಪಟ್ಟಿ (ಗೋಡೆಯ ಮೇಲಂಚಿನ ಮರ), ಛಾವಣಿಯಲ್ಲಿ ಹುದುಗಿಸಿದ ಲೈಟುಗಳು, ಬಚ್ಚಲಿನ ಫ್ಯಾನ್ ಡಬ್ಬಿ, ಪ್ಲಂಬಿಂಗ್ ಪೈಪು ಮೇಲೇರುವ ತೂತು. ಕೆಳಗೆ ಅಡಿಪಾಯದ ಗೋಡೆಯ ಮೇಲೆ ಮರ ಕೂರುವ ರಿಮ್ ಜಾಯಿಸ್ಟ್. ಅಲ್ಲಿಗೆ ಗಟ್ಟಿ ಫೋಮ್ ಹಲಗೆ ಕತ್ತರಿಸಿ ಕೂರಿಸಿ, ಅಂಚಿಗೆ ಡಬ್ಬಿ ಫೋಮ್ ಹೊಡೆದರೆ ಆಯಿತು. ನೀವೇ ಮಾಡಬಹುದು.

ಎರಡು ಎಚ್ಚರಿಕೆ. ಫರ್ನೆಸ್ಸಿನ ಲೋಹದ ಹೊಗೆಕೊಳವೆಯ ಸುತ್ತ ಡಬ್ಬಿ ಫೋಮ್ ಹೊಡೆಯಲೇಬೇಡಿ. ಅಲ್ಲಿಗೆ ತಗಡು ಮತ್ತು ಶಾಖ ತಡೆಯುವ ಸೀಲೆಂಟ್ ಬೇಕು. ಹಳೇ ಹುದುಗುಲೈಟುಗಳಲ್ಲಿ ಕೆಲವು ಇನ್ಸುಲೇಷನ್ ತಾಗಿದರೆ ಬಿಸಿಯಾಗಿ ಬೆಂಕಿ ಹೊತ್ತಬಹುದು. ಇನ್ಸುಲೇಷನ್ ತಾಗಬಹುದಾ ಅಂತ ಲೈಟಿನ ಮೇಲಿರುವ ಗುರುತು ನೋಡದೆ ಮುಚ್ಚಬೇಡಿ.

ಬಯಲುಸೀಮೆ_ಮಗ

ಇನ್ನೊಂದು ಎಚ್ಚರಿಕೆ ಸೇರಿಸಿ. ಅಟ್ಟದಲ್ಲಿ ಹೊಳೆಯುವ ಬೂದು ಅಥವಾ ಕಂದು ಹರಳಿನಂಥ ವರ್ಮಿಕ್ಯುಲೈಟ್ ಅನ್ನುವ ಹಳೇ ಇನ್ಸುಲೇಷನ್ ಇದೆಯಾ ನೋಡಿ. ಮೊಂಟಾನಾದ ಲಿಬ್ಬಿ ಗಣಿಯಿಂದ ಬಂದದ್ದರಲ್ಲಿ ಶ್ವಾಸಕೋಶಕ್ಕೆ ಅಪಾಯವಾದ ಆಸ್ಬೆಸ್ಟಾಸ್ ನಾರು ಬೆರೆತಿತ್ತು. ಆ ಗಣಿ ಮುಚ್ಚಿದ್ದು 1990ರಲ್ಲಿ, ನಿಮ್ಮ ಮನೆ 1978ರದ್ದು. ಇದ್ದರೆ ಕೆದಕಬೇಡಿ, ಫ್ಯಾನ್ ಟೆಸ್ಟನ್ನೂ ಮತ್ತೆ ಮಾಡಿಸಬೇಡಿ. ಅಟ್ಟದ ಧೂಳು ಮನೆಯೊಳಗೆ ಎಳೆದುಕೊಳ್ಳುತ್ತದೆ.

ಹೇಮಾವತಿ_ತೀರ

ಈಗಲೇ ಟಾರ್ಚ್ ಹಿಡಿದು ನೋಡಿ ಬಂದೆ. ಗುಲಾಬಿ ಬಣ್ಣದ ನಾರು ಇದೆ, ಹರಳು ಇಲ್ಲ. ಆದರೆ ಬಚ್ಚಲು ಮನೆಯ ಮೇಲ್ಗಡೆ ನಾರು ಕಪ್ಪಗಾಗಿದೆ, ಶರಾವತಿ ಸರ್ ಹೇಳಿದ ಹಾಗೇ.

ಜೋಳದರೊಟ್ಟಿ, ಹ್ಯೂಸ್ಟನ್

ನಾರಿನ ಇನ್ಸುಲೇಷನ್ ಮಾತ್ರ ಹಾಕಿ ಸಂದು ಮುಚ್ಚದೆ ಬಿಟ್ಟರೆ, ಚಳಿಯಲ್ಲಿ ಬರೀ ಸ್ವೆಟರ್ ಹಾಕಿಕೊಂಡು ಬೈಕ್ ಓಡಿಸಿದ ಹಾಗೆ. ಮೇಲೆ ಜರ್ಕಿನ್ ಇಲ್ಲದಿದ್ದರೆ ಗಾಳಿ ಒಳಗೇ ನುಗ್ಗುತ್ತದೆ.

ನಮ್ಮ ಕಡೆ ಕಥೆ ಉಲ್ಟಾ. ಎಸಿ ಡಕ್ಟ್ ಎಲ್ಲಾ ಬಿಸಿ ಅಟ್ಟದಲ್ಲೇ ಓಡುತ್ತದೆ. ತಣ್ಣನೆ ಗಾಳಿ ತರುವ ಡಕ್ಟಿನ ಕೀಲು ಸೋರಿದರೆ ದುಡ್ಡು ಕೊಟ್ಟ ತಂಪು ಅಟ್ಟದ ಪಾಲು. ಸಾಲದ್ದಕ್ಕೆ ಮನೆಯೊಳಗೆ ಒತ್ತಡ ಕಡಿಮೆಯಾಗಿ, ಹೊರಗಿನ ತೇವದ ಗಾಳಿಯನ್ನು ಗೋಡೆ ಸಂದುಗಳಿಂದ ಎಳೆದುಕೊಳ್ಳುತ್ತದೆ. ಆಮೇಲೆ ಎಸಿ ಆ ತೇವ ತೆಗೆಯಲು ಒದ್ದಾಡಬೇಕು. ಡಕ್ಟಿಗೆ ಬೇರೆ ಟೆಸ್ಟೇ ಇದೆ, 25 ಪಾಸ್ಕಲ್‌ನಲ್ಲಿ ಮಾಡುತ್ತಾರೆ. ದಕ್ಷಿಣದ ರಾಜ್ಯಗಳಲ್ಲಿ ಇರುವವರು ಆ ಟೆಸ್ಟನ್ನು ಬಿಡಬೇಡಿ.

ಒಗ್ಗರಣೆ_ಡಬ್ಬಿ, ಕ್ಯಾಲಿಫೋರ್ನಿಯಾ

ಎಲ್ಲಾ ಸರಿ, ಅಡುಗೆ ಮನೆ ಬಗ್ಗೆ ಯಾರೂ ಹೇಳಲಿಲ್ಲ. ನಾವು ಒಣಮೆಣಸಿನಕಾಯಿ ಒಗ್ಗರಣೆ ಹಾಕುವ ಜನ. ಬಿಗಿ ಮನೆಯಲ್ಲಿ ಆ ಘಾಟು ಮೂರು ದಿನ ಕರ್ಟನ್‌ನಲ್ಲಿ ಇರುತ್ತದೆ. ಅದಕ್ಕೇ ನಾವು 900 ಸಿಎಫ್‌ಎಂ ಹುಡ್, ಅಂದರೆ ಒಲೆಯ ಮೇಲಿನ ಹೊಗೆ ಎಳೆಯುವ ಫ್ಯಾನ್, ಹಾಕಿಸಿದ್ದೇವೆ. ಎಲ್ಲರೂ ಹಾಕಿಸಿ.

ಶರಾವತಿ_ಹಿನ್ನೀರು

ದಯವಿಟ್ಟು ಇದನ್ನು ಸುಮ್ನೆ ಹಾಗೆ ಹೇಳಬೇಡಿ. ಇದರಲ್ಲಿ ಜೀವದ ಪ್ರಶ್ನೆ ಇದೆ.

900 ಸಿಎಫ್‌ಎಂ ಹೊರಗೆ ಹೋದರೆ ಅಷ್ಟೇ ಗಾಳಿ ಎಲ್ಲಿಂದಲೋ ಒಳಗೆ ಬರಬೇಕು. ಬಿಗಿ ಮನೆಯಲ್ಲಿ ಅದಕ್ಕೆ ಸಿಗುವ ಸುಲಭದ ದಾರಿ ಗ್ಯಾಸ್ ವಾಟರ್ ಹೀಟರಿನ ಹೊಗೆಕೊಳವೆ. ಹೊರಗೆ ಹೋಗಬೇಕಾದ ಹೊಗೆ ವಾಪಸ್ ಮನೆಯೊಳಗೆ ಬರುತ್ತದೆ, ಅದರ ಜೊತೆ ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಅಮೆರಿಕದ ಮನೆ ಕೋಡಿನಲ್ಲಿ 400 ಸಿಎಫ್‌ಎಂ ದಾಟುವ ಹುಡ್‌ಗೆ ಹೊರಗಿನ ಗಾಳಿ ತರುವ ವ್ಯವಸ್ಥೆ ಕೇಳುವುದು ಇದಕ್ಕೇ.

ಹೇಮಾವತಿ ಅವರೇ, ಸಂದು ಮುಚ್ಚಿಸಿದ ದಿನವೇ ಈ ಪರೀಕ್ಷೆ ಮಾಡಿಸಿ. ಎಲ್ಲಾ ಎಕ್ಸಾಸ್ಟ್ ಫ್ಯಾನ್, ಬಟ್ಟೆ ಡ್ರೈಯರ್, ಅಡುಗೆ ಹುಡ್ ಒಟ್ಟಿಗೆ ಓಡಿಸಿ ವಾಟರ್ ಹೀಟರ್ ಹೊಗೆಯನ್ನು ಸರಿಯಾಗಿ ಹೊರಗೆ ಎಳೆಯುತ್ತದಾ ನೋಡುತ್ತಾರೆ. ಇದನ್ನು ಮಾಡದ ಆಡಿಟರ್‌ಗೆ, ಅಂದರೆ ಮನೆ ಪರೀಕ್ಷಿಸಲು ಬರುವವರಿಗೆ, ದುಡ್ಡು ಕೊಡಬೇಡಿ. ಪ್ರತಿ ಮಹಡಿಗೂ ಸಿಒ (ಕಾರ್ಬನ್ ಮಾನಾಕ್ಸೈಡ್) ಅಲಾರಂ ಹಾಕಿ.

ನೇತ್ರಾವತಿ, ಮಂಗಳೂರು

ನಮ್ಮೂರಿನವರೂ ಇದನ್ನು ಓದಬೇಕು. ಬಚ್ಚಲಿನ ಒಳಗೇ ಗ್ಯಾಸ್ ಗೀಸರ್ ಹಾಕಿ, ಕಿಟಕಿ ಭದ್ರವಾಗಿ ಮುಚ್ಚಿ ಸ್ನಾನಕ್ಕೆ ಹೋದವರು ವಾಪಸ್ ಬರದ ಸುದ್ದಿ ಪತ್ರಿಕೆಯಲ್ಲಿ ಆಗಾಗ ಓದುತ್ತೇವೆ. ಅದೇ ಕಾರ್ಬನ್ ಮಾನಾಕ್ಸೈಡ್. ಗ್ಯಾಸ್ ಗೀಸರ್ ಬಚ್ಚಲಿನ ಹೊರಗೇ ಇರಬೇಕು.

ಒಗ್ಗರಣೆ_ಡಬ್ಬಿ

ನಮ್ಮದು ಕರೆಂಟ್ ವಾಟರ್ ಹೀಟರ್, ಹುಡ್ ಹಾಕುವಾಗಲೇ ಹೊರಗಿನ ಗಾಳಿಯ ಡಕ್ಟನ್ನೂ ಹಾಕಿಸಿದ್ದೇವೆ. ಬೇರೆಯವರಿಗೆ ಇದು ಗೊತ್ತಿರಲಿ. ಹುಡ್ ಸರಿಯಾಗಿ ಹೊರಗೆ ಬಿಡುವಂಥದ್ದಾಗಿರಬೇಕು ಅನ್ನುವುದೂ ಮುಖ್ಯ. ಗಾಳಿಯನ್ನು ಸೋಸಿ ಮತ್ತೆ ಅಡುಗೆ ಮನೆಗೇ ಬಿಡುವ ಹುಡ್‌ನಿಂದ ಅಕ್ಕಿ ರೊಟ್ಟಿಯ ಹೊಗೆ ಎಲ್ಲಿಗೂ ಹೋಗುವುದಿಲ್ಲ.

ಎಡಿಸನ್_ಎಲೆಅಡಿಕೆ

ಗೃಹಪ್ರವೇಶದ ಹೋಮಕ್ಕೆ ಸ್ಮೋಕ್ ಅಲಾರಂ ಹೊಡೆದು ಫೈರ್ ಇಂಜಿನ್ ಬಂದ ಮನೆ ನಮ್ಮ ಬೀದಿಯಲ್ಲೇ ಇದೆ. ಹೋಮವನ್ನು ಗ್ಯಾರೇಜಿನ ಬಾಗಿಲು ತೆರೆದು ಅಲ್ಲಿ ಮಾಡಿಸಿ.

ಅಗ್ರಹಾರದ_ಹುಡುಗ

ಗ್ಯಾರೇಜಿನಲ್ಲಿ ಹೋಮ? ಗೃಹಪ್ರವೇಶ ಅಂದರೆ ಮನೆಯೊಳಗೆ ಅಗ್ನಿ ಬರಬೇಕಲ್ಲವೇ?

ಎಡಿಸನ್_ಎಲೆಅಡಿಕೆ

ನಮ್ಮ ಪುರೋಹಿತರೇ ಒಪ್ಪಿದ್ದಾರೆ. ಹಾಲು ಉಕ್ಕಿಸುವುದು ಒಳಗೆ, ಹೋಮ ಗ್ಯಾರೇಜಿನಲ್ಲಿ. ಈ ಚರ್ಚೆಗೆ ಬೇರೆ ಎಳೆ ಶುರು ಮಾಡೋಣ, ಇಲ್ಲಿ ಗಾಳಿಯ ವಿಷಯ ನಡೆಯಲಿ.

ಜಯನಗರ_ನಿವಾಸಿ, ಬೆಂಗಳೂರು

ಈ ಟೆಸ್ಟ್ ಬರೀ ಚಳಿ ದೇಶದ್ದು ಅಂದುಕೊಂಡವರಿಗೆ ಹೇಳುತ್ತೇನೆ, ಬೆಂಗಳೂರಿನಲ್ಲೂ ನಡೆಯುತ್ತದೆ. ನಾನು ಇರುವುದು ಅಗ್ನಿಶಾಮಕ ವ್ಯವಸ್ಥೆಯ ಕೆಲಸದಲ್ಲಿ. ಸರ್ವರ್ ರೂಮಿನಲ್ಲಿ ಬೆಂಕಿಗೆ ನೀರು ಹಾಕುವ ಹಾಗಿಲ್ಲ, ಗ್ಯಾಸ್ ಬಿಡುತ್ತೇವೆ. ಆ ಗ್ಯಾಸ್ ಸಾಕಷ್ಟು ಪ್ರಮಾಣದಲ್ಲಿ ಸಾಮಾನ್ಯವಾಗಿ 10 ನಿಮಿಷ ರೂಮಿನಲ್ಲೇ ನಿಲ್ಲಬೇಕು. ಇಲ್ಲದಿದ್ದರೆ ಬೆಂಕಿ ಮತ್ತೆ ಹೊತ್ತುತ್ತದೆ. ನಿಲ್ಲುತ್ತದೋ ಇಲ್ಲವೋ ನೋಡಲು ದುಬಾರಿ ಗ್ಯಾಸ್ ಬಿಟ್ಟು ಪರೀಕ್ಷೆ ಮಾಡಲು ಆಗುವುದಿಲ್ಲ. ಬಾಗಿಲಿಗೆ ಇದೇ ಫ್ಯಾನ್ ಕಟ್ಟಿ ಸೋರಿಕೆ ಅಳೆದು ಲೆಕ್ಕ ಹಾಕುತ್ತೇವೆ. ರೂಮ್ ಇಂಟೆಗ್ರಿಟಿ ಟೆಸ್ಟ್ ಅನ್ನುತ್ತಾರೆ, ಎನ್‌ಎಫ್‌ಪಿಎ 2001 ಅನ್ನುವ ಅಮೆರಿಕದ ಅಗ್ನಿಶಾಮಕ ಮಾನದಂಡದಲ್ಲಿ ವಿಧಾನ ಇದೆ.

ಫೇಲ್ ಆಗುವ ರೂಮುಗಳಲ್ಲಿ ತೊಂದರೆ ಹೆಚ್ಚಾಗಿ ಕೇಬಲ್ ಒಳಗೆ ಬರುವ ತೂತುಗಳಲ್ಲಿ, ಫಾಲ್ಸ್ ಸೀಲಿಂಗ್ ಮೇಲೆ ಗೋಡೆ ಪೂರ್ತಿ ಏರದೆ ಬಿಟ್ಟ ಜಾಗದಲ್ಲಿ. ಬಾಗಿಲು ಚೆನ್ನಾಗೇ ಇರುತ್ತದೆ. ಕಣ್ಣಿಗೆ ಬೀಳುವ ಬಾಗಿಲು ಕಿಟಕಿಗಿಂತ ಕಣ್ಣಿಗೆ ಬೀಳದ ತೂತೇ ದೊಡ್ಡದು. ನಿಮ್ಮ ಅಟ್ಟದ ಕಥೆಯೂ ಅದೇ.

ಕಲ್ಲುಚಪ್ಪಡಿ, ಬೆಂಗಳೂರು

ನಾನು ವಾಸ್ತುಶಿಲ್ಪಿ. ಜಯನಗರ ಅವರ ಮಾತು ಸರ್ವರ್ ರೂಮಿಗೆ ಸರಿ, ಮನೆಗೆ ಬೇಡ. ನಮ್ಮಲ್ಲಿ 2018ರಲ್ಲಿ ಬಂದ ಇಕೋ ನಿವಾಸ್ ಸಂಹಿತೆ ವಸತಿ ಕಟ್ಟಡಕ್ಕೆ ಕೇಳುವುದೇ ಬೇರೆ. ತೆರೆಯಬಹುದಾದ ಕಿಟಕಿ ನೆಲದ ಅಳತೆಯ ಇಷ್ಟು ಭಾಗ ಇರಲೇಬೇಕು ಅನ್ನುತ್ತದೆ. ಬೆಂಗಳೂರಿನಂಥ ಸಮಶೀತೋಷ್ಣ ವಲಯಕ್ಕೆ ಶೇ. 12.5, ಮಂಗಳೂರಿನಂಥ ಬಿಸಿ-ತೇವ ವಲಯಕ್ಕೆ ಶೇ. 16.66. ಅಂದರೆ ಗಾಳಿ ಬರಲಿ ಅನ್ನುವುದೇ ನಿಯಮ. ಜೊತೆಗೆ ಗೋಡೆ ಕಿಟಕಿಗಳಿಂದ ಒಳಗೆ ಬರುವ ಶಾಖಕ್ಕೆ ಚದರ ಮೀಟರಿಗೆ 15 ವ್ಯಾಟ್ ಮಿತಿ, ಮಾಡಿಗೆ ಬೇರೆ ಮಿತಿ.

ಬೆಂಗಳೂರಿನ ಮೇಲಿನ ಮಹಡಿಯವರ ಕಷ್ಟ ಸೋರಿಕೆ ಅಲ್ಲ, ತಾರಸಿ. ಹಗಲೆಲ್ಲಾ ಕಾದ ಕಾಂಕ್ರೀಟು ರಾತ್ರಿಯೆಲ್ಲಾ ಕೆಳಗೆ ಬಿಸಿ ಬಿಡುತ್ತದೆ. ಬಿಳಿ ಬಣ್ಣ ಹೊಡೆಸಿ, ನೆರಳು ಮಾಡಿ, ಸಂಜೆ ಎರಡು ಬದಿಯ ಕಿಟಕಿ ತೆರೆಯಿರಿ.

ಜಯನಗರ_ನಿವಾಸಿ

ಎಸಿ ಹಾಕುವ ರೂಮಿಗೂ ಸೋರಿಕೆ ನೋಡಬಾರದು ಅಂತೀರಾ? ಸ್ಲೈಡಿಂಗ್ ಕಿಟಕಿಯ ಹಳಿಯಲ್ಲಿ ಬೆರಳು ತೂರುವಷ್ಟು ಜಾಗ, ಬಾಗಿಲ ಕೆಳಗೆ ಅಂಗುಲ ಸಂದು. ಎಷ್ಟು ಸ್ಟಾರ್ ಇದ್ದರೇನು ಪ್ರಯೋಜನ? ಏಪ್ರಿಲ್‌ನಲ್ಲಿ ಅರ್ಧ ಬೆಂಗಳೂರು ಈಗ ಎಸಿ ಹಾಕುತ್ತದೆ.

ಕಲ್ಲುಚಪ್ಪಡಿ

ಆ ಒಂದು ರೂಮಿಗೆ ರಬ್ಬರ್ ಪಟ್ಟಿ, ಬಾಗಿಲಿಗೆ ಬ್ರಷ್ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಮೂರು ಜನ ಬಾಗಿಲು ಮುಚ್ಚಿ ರಾತ್ರಿಯೆಲ್ಲಾ ಎಸಿ ಹಾಕಿ ಮಲಗಿದರೆ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ, ಒಳಗಿನದ್ದನ್ನೇ ತಿರುಗಿಸುತ್ತದೆ. ಬೆಳಿಗ್ಗೆ ತಲೆ ಭಾರ ಅನ್ನುವವರು ಒಂದು ವಾರ ಕಿಟಕಿ ಸ್ವಲ್ಪ ತೆರೆದು ಮಲಗಿ ನೋಡಲಿ.

ನೇತ್ರಾವತಿ

ನಮ್ಮ ಹೆಂಚಿನ ಮನೆಗೆ ಈ ಫ್ಯಾನ್ ಕಟ್ಟಿದರೆ 50 ಪಾಸ್ಕಲ್ ಮುಟ್ಟುವುದೇ ಇಲ್ಲ. ಹೆಂಚಿನ ಸಂದಿನಲ್ಲಿ ಬಿಸಿ ಗಾಳಿ ಹೋಗಿಬಿಡುತ್ತದೆ, ಸೆಕೆಗಾಲದಲ್ಲಿ ಅದೇ ಒಳ್ಳೆಯದು.

ಹೇಮಾವತಿ_ತೀರ

ಆಡಿಟರ್ ಮತ್ತೆ ಬರಲು ಎರಡು ವಾರ ಆಗುತ್ತದಂತೆ. ಅಷ್ಟರಲ್ಲಿ ನಾವೇ ಸಂದು ಹುಡುಕಬಹುದಾ? ಇನ್ನೊಂದು ವಿಷಯ, ಮಗಳಿಗೆ ಚಳಿಗಾಲದಲ್ಲಿ ಮೂಗಿನಿಂದ ರಕ್ತ ಬರುತ್ತದೆ. ಹ್ಯೂಮಿಡಿಫೈಯರ್ ಹಾಕಿದರೂ ಗಾಳಿ ಒಣ.

ಶರಾವತಿ_ಹಿನ್ನೀರು

ಒಣ ಗಾಳಿಗೂ ಸೋರಿಕೆಯೇ ಕಾರಣ ಇರಬಹುದು. ಮೈನಸ್ 10ರ ಗಾಳಿಯಲ್ಲಿ ತೇವ ಬಹಳ ಕಡಿಮೆ. ಅದು ಒಳಗೆ ಬಂದು 21ಕ್ಕೆ ಬಿಸಿಯಾದರೆ ತೇವಾಂಶ ಶೇ. 10ರ ಆಸುಪಾಸಿಗೆ ಇಳಿಯುತ್ತದೆ. ನೀವು ಹ್ಯೂಮಿಡಿಫೈಯರ್‌ಗೆ ಸುರಿದ ನೀರೆಲ್ಲಾ ಅಟ್ಟಕ್ಕೆ ಹೋಗಿ, ಮಾಡಿನ ಹಲಗೆಗೆ ತಾಗಿ ಹಿಮವಾಗುತ್ತದೆ. ಸೋರಿಕೆ ಕಡಿಮೆ ಮಾಡಿದರೆ ಸ್ನಾನ, ಅಡುಗೆ, ನಮ್ಮ ಉಸಿರಿನ ತೇವವೇ ಬಹುಪಾಲು ಸಾಕಾಗುತ್ತದೆ.

ಸಂದು ಹುಡುಕಲು ಊದುಬತ್ತಿ ಸಾಕು. ಜೋರು ಚಳಿಯ ದಿನ ಆರಿಸಿಕೊಳ್ಳಿ. ಗ್ಯಾಸ್ ವಾಟರ್ ಹೀಟರ್, ಫರ್ನೆಸ್ ಮೊದಲು ಆಫ್ ಮಾಡಿ, ಇದನ್ನು ಮರೆಯಬೇಡಿ. ಬಾಗಿಲು ಕಿಟಕಿ ಮುಚ್ಚಿ, ಬಚ್ಚಲಿನ ಫ್ಯಾನ್, ಅಡುಗೆ ಹುಡ್ ಓಡಿಸಿ. ಹಚ್ಚಿದ ಊದುಬತ್ತಿಯನ್ನು ಕೆಳಮಹಡಿಯ ಹೊರಗೋಡೆಯ ಪ್ಲಗ್ ಪಾಯಿಂಟ್, ಕಿಟಕಿ ಅಂಚು, ಬಾಗಿಲ ಬುಡ, ರಿಮ್ ಜಾಯಿಸ್ಟ್ ಹತ್ತಿರ ಹಿಡಿಯಿರಿ. ಹೊಗೆಯನ್ನು ಗಾಳಿ ಒಳಕ್ಕೆ ತಳ್ಳಿದರೆ ಅಲ್ಲಿ ಸಂದು ಇದೆ. ಕರ್ಟನ್‌ನಿಂದ ದೂರ ಇರಲಿ, ಅಟ್ಟದ ಒಳಗೆ ಒಯ್ಯಬೇಡಿ. ಮುಗಿದ ಮೇಲೆ ವಾಟರ್ ಹೀಟರ್, ಫರ್ನೆಸ್ ಎರಡನ್ನೂ ಆನ್ ಮಾಡಿ.

ಜೋಳದರೊಟ್ಟಿ

10.5 ಅನ್ನು 20ರಿಂದ ಭಾಗಿಸಿದರೆ ಮಾಮೂಲಿ ದಿನದ ಸೋರಿಕೆ ಸಿಗುತ್ತದೆ ಅಂತ ಕೇಳಿದ್ದೇನೆ. ಹಾಗಾದರೆ ಇವರದ್ದು ಗಂಟೆಗೆ ಅರ್ಧ ಸಲ. ಅದು ಅಷ್ಟೇನೂ ಕೆಟ್ಟದ್ದಲ್ಲವಲ್ಲ?

ಬಯಲುಸೀಮೆ_ಮಗ

ಆ 20 ಅಂದಾಜಿನ ಲೆಕ್ಕ. ಗಾಳಿ ಬೀಸುವ ಬಯಲಲ್ಲಿ ನಿಂತ ಮೂರಂತಸ್ತಿನ ಮನೆಗೂ, ಮರಗಳ ನಡುವಿನ ಒಂದಂತಸ್ತಿನ ಮನೆಗೂ ಅದೇ 20 ಹೇಗೆ ಸರಿಹೋಗುತ್ತದೆ? ವರ್ಷದ ಸರಾಸರಿಗೆ ಸರಿ ಅನ್ನಬಹುದು. ಜನವರಿಯ ರಾತ್ರಿಗೆ ನಾನು ಒಪ್ಪುವುದಿಲ್ಲ.

ಇಸಾರ್_ದಂಡೆ

ನನಗೆ ಬೇರೆ ಅನುಮಾನ. 2000 ಚದರ ಅಡಿಗೆ 8 ಅಡಿ ಎತ್ತರ ಅಂದರೆ 16,000 ಘನ ಅಡಿ. 2800ರ ಲೆಕ್ಕಕ್ಕೆ 10.5 ಬರುವುದು ಅದರಿಂದಲೇ. ಬೇಸ್‌ಮೆಂಟ್ ಲೆಕ್ಕಕ್ಕೆ ಸೇರಿಲ್ಲ. ಟೆಸ್ಟ್ ಮಾಡುವಾಗ ಬೇಸ್‌ಮೆಂಟ್ ಬಾಗಿಲು ತೆರೆದಿತ್ತಾ?

ಹೇಮಾವತಿ_ತೀರ

ತೆರೆದಿತ್ತು. ಬೇಸ್‌ಮೆಂಟ್ 1000 ಚದರ ಅಡಿ, ಎತ್ತರ 7 ಅಡಿ.

ಇಸಾರ್_ದಂಡೆ

ಹಾಗಾದರೆ 23,000 ಘನ ಅಡಿ. ನಂಬರ್ 7.3 ಆಗುತ್ತದೆ. ಅದೇ ಮನೆ, ಅದೇ ಸೋರಿಕೆ.

ಶರಾವತಿ_ಹಿನ್ನೀರು

ಒಳ್ಳೇ ಜಾಗ ಹಿಡಿದಿರಿ. ಇದಕ್ಕೇ ನಾನು ಮನೆಯವರಿಗೆ ಎಸಿಎಚ್ ಬಿಟ್ಟು ಸಿಎಫ್‌ಎಂ ನೋಡಿ ಅನ್ನುತ್ತೇನೆ. ಕೆಲಸಕ್ಕೆ ಮುಂಚೆ 2800. ಕೆಲಸ ಆದಮೇಲೆ ಅದೇ ಬಾಗಿಲಲ್ಲಿ, ಬೇಸ್‌ಮೆಂಟ್ ಬಾಗಿಲು ಹಾಗೇ ತೆರೆದಿಟ್ಟು ಮತ್ತೆ ಅಳೆಯಿರಿ. ಎಷ್ಟು ಇಳಿಯಿತು ಅನ್ನುವುದರಲ್ಲಿ ಯಾರೂ ಲೆಕ್ಕ ಬದಲಿಸಲು ಆಗುವುದಿಲ್ಲ. ಕಂಟ್ರಾಕ್ಟರ್ ಜೊತೆ ಕರಾರಿನಲ್ಲೇ "ಕೆಲಸದ ನಂತರ ಟೆಸ್ಟ್" ಅಂತ ಬರೆಸಿ.

ಎಡಿಸನ್_ಎಲೆಅಡಿಕೆ

ದುಡ್ಡಿನ ವಿಷಯ. ಸಂದು ಮುಚ್ಚಲು, ಇನ್ಸುಲೇಷನ್‌ಗೆ ಶೇ. 30ರಂತೆ ವರ್ಷಕ್ಕೆ 1200 ಡಾಲರ್ ತನಕ ಸಿಗುತ್ತಿದ್ದ ಫೆಡರಲ್ ತೆರಿಗೆ ರಿಯಾಯಿತಿ 2025ರ ಡಿಸೆಂಬರ್ 31ರ ನಂತರದ ಕೆಲಸಕ್ಕೆ ಇಲ್ಲ. ಆಡಿಟ್‌ಗೆ ಇದ್ದ 150 ಡಾಲರ್ ಕೂಡ ಹೋಯಿತು. ನಿಮ್ಮ ಗ್ಯಾಸ್, ಕರೆಂಟ್ ಕಂಪನಿಯ ರಿಬೇಟ್ ಇದೆಯಾ ಕೇಳಿ. ಕೆಲವು ಕಡೆ ಮುಂಚೆ ಮತ್ತು ನಂತರದ ಟೆಸ್ಟ್ ಎರಡೂ ಇದ್ದರೆ ಮಾತ್ರ ಕೊಡುತ್ತಾರೆ.

ಬಯಲುಸೀಮೆ_ಮಗ

ಬೇಸ್‌ಮೆಂಟ್ ಇರುವವರು ರೇಡಾನ್ ಟೆಸ್ಟ್ ಕೂಡ ಮಾಡಿಸಿ. ನೆಲದಿಂದ ಬರುವ ವಿಕಿರಣದ ಅನಿಲ, ಶ್ವಾಸಕೋಶದ ಕ್ಯಾನ್ಸರ್‌ಗೆ ಕಾರಣ. ಅಮೆರಿಕದಲ್ಲಿ ಲೀಟರಿಗೆ 4 ಪಿಕೋಕ್ಯೂರಿ ಮುಟ್ಟಿದರೆ ಸರಿಪಡಿಸಿ ಅನ್ನುತ್ತಾರೆ. ಸಂದು ಮುಚ್ಚುವ ಮುಂಚೆ ಒಮ್ಮೆ, ಮುಚ್ಚಿದ ಮೇಲೆ ಒಮ್ಮೆ ಅಳೆಯಿರಿ.

ಹೇಮಾವತಿ_ತೀರ

ಎಲ್ಲರಿಗೂ ಬಹಳ ಥ್ಯಾಂಕ್ಸ್. ಊದುಬತ್ತಿ ಹಿಡಿದು ನೋಡಿದೆವು. ಕಿಟಕಿಗಳಲ್ಲಿ ಎರಡು ಮಾತ್ರ ಸೋರುತ್ತಿವೆ. ರಿಮ್ ಜಾಯಿಸ್ಟ್ ಉದ್ದಕ್ಕೂ ಹೊಗೆ ಓಡುತ್ತಿತ್ತು. ಕಿಟಕಿ ಕಂಪನಿಯವರಿಗೆ ಬೇಡ ಅಂತ ಹೇಳಿಬಿಟ್ಟೆ. ಈ ವಾರಾಂತ್ಯ ರಿಮ್ ಜಾಯಿಸ್ಟ್ ನಾವೇ ಮಾಡುತ್ತೇವೆ. ಅಟ್ಟಕ್ಕೆ ಆಡಿಟರ್ ಬಂದಮೇಲೆ ಕೆಲಸದವರನ್ನು ಕರೆಸುತ್ತೇವೆ.

ಕೊನೆಗೆ ಒಂದೇ ಪ್ರಶ್ನೆ. ತಾಜಾ ಗಾಳಿಗೆ ಎಷ್ಟು ದೊಡ್ಡ ಯಂತ್ರ ಬೇಕು?

ಶರಾವತಿ_ಹಿನ್ನೀರು

ಮನೆಗೆ ಬೇಕಾದ ತಾಜಾ ಗಾಳಿಗೆ ಅಮೆರಿಕದಲ್ಲಿ ಬಳಸುವ ಆಶ್ರೇ 62.2 ಮಾನದಂಡದ ಲೆಕ್ಕದ ಪ್ರಕಾರ ಚದರ ಅಡಿಯನ್ನು 0.03ರಿಂದ ಗುಣಿಸಿ, ಬೆಡ್‌ರೂಮ್ ಸಂಖ್ಯೆಗೆ ಒಂದು ಸೇರಿಸಿ 7.5ರಿಂದ ಗುಣಿಸಿ, ಎರಡನ್ನೂ ಕೂಡಿಸಿ. ಬೇಸ್‌ಮೆಂಟ್ ಬಿಟ್ಟರೆ ನಿಮ್ಮದು 60 ಮತ್ತು 30, ಅಂದರೆ 90 ಸಿಎಫ್‌ಎಂ. ಬೇಸ್‌ಮೆಂಟ್ ವಾಸಕ್ಕೆ ಬಳಸುತ್ತಿದ್ದರೆ ಇನ್ನೂ 30 ಸೇರಿಸಿ. ಹಳೇ ಮನೆಯಾದ್ದರಿಂದ ಉಳಿದ ಸೋರಿಕೆಗೆ ಸ್ವಲ್ಪ ಕಳೆಯಬಹುದು. ಹಾಗಾಗಿ ಎರಡನೇ ಟೆಸ್ಟ್ ನಂಬರ್ ಬರುವ ತನಕ ಯಂತ್ರ ಕೊಳ್ಳಬೇಡಿ. ಅಲ್ಲಿಯವರೆಗೆ ಸದ್ದಿಲ್ಲದ ಬಚ್ಚಲಿನ ಫ್ಯಾನ್ ಒಂದನ್ನು ಸದಾ ನಿಧಾನಕ್ಕೆ ಓಡಿಸಿದರೂ ಸಾಕು.

ಹೇಮಾವತಿ_ತೀರ

ಬಚ್ಚಲಿನ ಫ್ಯಾನ್ ಪೈಪು ಅಟ್ಟದಲ್ಲೇ ಕೊನೆಯಾಗಿದೆ ಸರ್, ಹೊರಗೆ ಹೋಗಿಲ್ಲ. ನಾರು ಕಪ್ಪಗಾದ ಜಾಗ ಅದೇ.

ಶರಾವತಿ_ಹಿನ್ನೀರು

ಹಾಗಾದರೆ ಅದನ್ನೇ ಮೊದಲು ಮಾಡಿ. ಇನ್ಸುಲೇಷನ್ ಸುತ್ತಿದ ಡಕ್ಟ್ ಹಾಕಿಸಿ, ಮಾಡಿನ ಮೂಲಕ ಹೊರಗೆ ಬಿಡಿಸಿ. ಅದಾಗುವ ತನಕ ಆ ಫ್ಯಾನ್ ಹಾಕಬೇಡಿ, ಸ್ನಾನ ಆದಮೇಲೆ ಕಿಟಕಿ ಹತ್ತು ನಿಮಿಷ ತೆರೆಯಿರಿ. ಮಾಡಿನ ಹಲಗೆ ಮೆತ್ತಗಾಗಿದೆಯಾ ಅಂತ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ, ಇಲ್ಲೇ ಬರೆಯಿರಿ.